ಜೆಯರಾಜ್ ಕೆರೆದ ಬಣ್ಣ

ಗೂಡಲೂರಿನ ಜೆಯರಾಜ್ ಎಂದರೆ, ಯಾರಾದರೂ ಕರೆದು ಕೊಟ್ಟ ವೀಳ್ಯದೆಲೆಯನ್ನೂ ಬಿಸಿಲಿಗೆ ಹಿಡಿದು ಎರಡು ಮಗ್ಗುಲೂ ನೋಡದೆ ಬಾಯಿಗಿಡದ ಆಸಾಮಿ. ತಮಿಳು ಸೀಮೆಯ ಕಂಬಂ ಕಣಿವೆಯ ತೋಟಗಳ ಬಾವಿಗಳ ಮೇಲೆ ಕೂತು ನೀರೆತ್ತುವ ಆಯಿಲ್ ಎಂಜಿನ್ನುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಓಡೈಪಟ್ಟಿಯ ದ್ರಾಕ್ಷಿ ತೋಟದವರೂ ಅವನಿಗೇ ಹೇಳಿಕಳಿಸುತ್ತಿದ್ದರು. ಎಂಜಿನ್ ಕೆಟ್ಟಿದೆ ಎಂದು ತೋಟದವನು ಹೇಳಿದರೆ ಜೆಯರಾಜ್ ಮೊದಲು ಎಂಜಿನ್ನನ್ನು ನೋಡುತ್ತಿರಲಿಲ್ಲ, ತೋಟದವನ ಮುಖ ನೋಡುತ್ತಿದ್ದ. ಯಾರು ಬಿಚ್ಚಿದ್ದರು, ಏನು ಮುಚ್ಚಿಡುತ್ತಿದ್ದಾರೆ ಎಂಬುದು ಆ ಮುಖದಲ್ಲೇ ಅರ್ಧ ಗೊತ್ತಾಗುತ್ತದೆ ಎನ್ನುವುದು ಅವನ ನಂಬಿಕೆ. ಅವನ ಈ ಗುಣಕ್ಕೆ ಒಂದು ಕಾರಣವಿತ್ತು. ಅದು ಊರಿಗೆಲ್ಲ ಗೊತ್ತಿತ್ತು, ಆದರೆ ಅವನ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಾರರ ಬೇಸಿಗೆ. ಅವನ ಹೆಂಡತಿ ವೆಳ್ಳೈಯಮ್ಮಾಳ ಅಣ್ಣ ವೇಲು ಕುಮಿಳಿ ಘಾಟಿಯಿಂದ ಒಂದು ಲಾರಿ ಇಳಿಸಿಕೊಂಡು ಬಂದ. ವೇಲು ಏಲಕ್ಕಿ ವ್ಯಾಪಾರಿ. ಅದಕ್ಕೂ ಮೊದಲು ಬೆಟ್ಟದ ಮೇಲಿನ ಒಂದು ಎಸ್ಟೇಟಿನಲ್ಲಿ ಬಿಳಿ ದೊರೆಯ ಗುಮಾಸ್ತನಾಗಿದ್ದವನು. ಲಾರಿಯಲ್ಲಿ ಏಲಕ್ಕಿ ಮೂಟೆಗಳಿರಲಿಲ್ಲ. ಹಳೆಯ ಕಾರೊಂದಿತ್ತು. ಬೇಬಿ ಆಸ್ಟಿನ್. ನಾಲ್ಕು ಜನ ಹಿಡಿದರೆ ಎತ್ತಿಬಿಡಬಹುದೇನೋ ಎನ್ನುವಷ್ಟು ಪುಟ್ಟದು, ಕಪ್ಪು ಬಣ್ಣದ್ದು. ಟೈರುಗಳು ಸಿಪ್ಪೆಯಂತೆ ಸುಲಿದಿದ್ದವು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು.

"ದೊರೆ ಊರಿಗೆ ಓಗ್ತಾ ಬಿಟ್ಟೋದ ವಂಡಿ, ಮಾಪ್ಳೆ. ನನ್ ಶೆಡ್ಡಲ್ಲಿ ಜಾಗ ಅಡಚ್ಕೊಂಡು ಕೂತದೆ. ನೀವಾದ್ರೆ ಓಡುಸ್ತೀರ. ಮಡಿಕೊಳ್ಳಿ," ಎಂದ ವೇಲು. ತಂಗಿಯ ಗಂಡನನ್ನು ಅವನು ಮಾಪ್ಳೆ ಎಂದೇ ಕರೆಯುವುದು.

"ಏನ್ ಕೊಡಬೇಕು ಬಾವ?"

"ಒಂದೂ ಬ್ಯಾಡ. ತಂಗಿ ಮನೇಗೆ ಕೊಡಾದಕ್ಕೆ ಏನ್ ಕಣಕ್ಕು, ಏನ್ ಲೆಕ್ಕ?"

ವೇಲು ಹರಿದ ಗೋಣಿಚೀಲವನ್ನೂ ಮಡಿಸಿ ತೆಗೆದಿಡುವ ಮನುಷ್ಯ. ಅವನು ಒಂದು ಕಾರನ್ನು, ಅದು ಎಂಥದೇ ಇರಲಿ, ಸುಮ್ಮನೆ ಕೊಟ್ಟು ಹೋಗುತ್ತಾನೆಂದರೆ ಜೆಯರಾಜನಿಗೆ ನಂಬಿಕೆ ಬರಲಿಲ್ಲ. ಲಾರಿ ಹೋದ ಮೇಲೆ ಕಾರಿನ ಸುತ್ತ ಎರಡು ಸುತ್ತು ಹಾಕಿದ. ಬಗ್ಗಿ ಕೆಳಗೆ ನೋಡಿದ. ವೆಳ್ಳೈಯಮ್ಮಾಳ್ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ನಮ್ಮಣ್ಣ ಕೊಟ್ಟದ್ದು. ಪಾಂಬು ಗೀಂಬು, ಆವು ಚೇಳು ಇಟ್ಟು ಕೊಟ್ಟಿರಾಕಿಲ್ಲ, ಒಳಕ್ಕೆ ತಕ್ಕೊಂಡು ಬನ್ನಿ," ಎಂದಳು.

ಕಾರನ್ನು ಮನೆಯ ಪಕ್ಕದ ತಗಡಿನ ಚಪ್ಪರದೊಳಕ್ಕೆ ತಳ್ಳಿದ್ದೇ ತಡ, ಬೀದಿಯಲ್ಲಿ ಪಿಸುಮಾತು ಶುರುವಾಯಿತು. ಅಕ್ಕಿಯನ್ನು ಗಡಿ ದಾಟಿಸಬಾರದೆಂದು ಕಟ್ಟಪ್ಪಣೆ ಇದ್ದ ಕಾಲ ಅದು. ಘಾಟಿಯ ಆಚೆ ಕೇರಳದಲ್ಲಿ ಅಕ್ಕಿಗೆ ಚಿನ್ನದ ಬೆಲೆ. ಹೆಂಗಸರು ಸೀರೆಯ ಮಡಿಕೆಯಲ್ಲಿ ಕಟ್ಟಿಕೊಂಡು, ಗಂಡಸರು ಹುಲ್ಲಿನ ಹೊರೆಯೊಳಗೆ ಹುದುಗಿಸಿಕೊಂಡು ಹತ್ತುತ್ತಿದ್ದರು. ಎದುರುಮನೆಯ ಪೆರಿಯಣ್ಣನ್ ಒಂದು ಬೆಳಿಗ್ಗೆ ಬಂದು, ಕಾರಿನ ಹಿಂದಿನ ಸೀಟು ಎತ್ತಿ ನೋಡಿ, "ಎಷ್ಟು ಮರಕ್ಕಾಲು ಅಕ್ಕಿ ಇಡಿಸ್ತದೆ?" ಎಂದು ಕಣ್ಣು ಹೊಡೆದ. ಮರುದಿನ ಒಬ್ಬ ಕಾನ್‌ಸ್ಟೇಬಲ್ ನೀರು ಕೇಳುವ ನೆಪದಲ್ಲಿ ಬಂದು ಚಪ್ಪರದೊಳಗೆ ಇಣುಕಿ ಹೋದ. ಜೆಯರಾಜನಿಗೆ ಈ ಇಣುಕು ನೋಟಗಳು ಹೊಸವಲ್ಲ. ಅವನು ಚಪ್ಪರಕ್ಕೆ ಒಂದು ತಟ್ಟಿ ಕಟ್ಟಿ, ದಿಂಡಿಗಲ್ಲಿನ ಬೀಗ ಜಡಿದು, ಒಳಗೆ ಕೆಲಸಕ್ಕೆ ಕೂತ.

ಎಂಜಿನ್ ಕಲ್ಲಾಗಿತ್ತು. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಸಿಲಿಂಡರಿಗೆ ಹುಯ್ದು ಬಿಟ್ಟ. ದಿನವೂ ತೋಟದ ಕೆಲಸ ಮುಗಿಸಿ ಬಂದು ಹ್ಯಾಂಡಲ್ ಹಾಕಿ ಒಂದು ಸಲ ಅದುಮಿ ನೋಡುವುದು, ಬಿಡುವುದು. ಒಂದು ಸಂಜೆ ಒಳಗೆ ಎಲ್ಲೋ ನೆಟಿಗೆ ಮುರಿದಂಥ ಸದ್ದಾಗಿ ಹ್ಯಾಂಡಲ್ ಒಂದು ಬೆರಳಷ್ಟು ತಿರುಗಿತು. ಅಂದು ಅವನು ಹೆಂಡತಿಯನ್ನು ಕರೆದು ತೋರಿಸಿದ. ಪಿಸ್ಟನ್ ಬಿಚ್ಚಿದ, ವಾಲ್ವುಗಳನ್ನು ಅರೆದು ಕೂರಿಸಿದ, ಎಂಜಿನ್ ತಲೆಗೆ ತಾಮ್ರದ ತಗಡು ಕತ್ತರಿಸಿ ಗ್ಯಾಸ್ಕೆಟ್ ಮಾಡಿದ. ನೀರೆತ್ತುವ ಎಂಜಿನ್ನುಗಳ ಮುಂದೆ ಇದು ಗಡಿಯಾರದಂತೆ ಕಂಡಿತು. ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸ ಮುಗಿಯದೇ ಇರಲಿ ಅನ್ನಿಸುವಷ್ಟು ಅವನಿಗೆ ಅದರ ಮೇಲೆ ಆಸೆ ಹುಟ್ಟಿತು.

ವೇಲು ಆಗಾಗ ಬಂದು ನೋಡುತ್ತಿದ್ದ. ಮೊದಲೆಲ್ಲ ಹಬ್ಬಕ್ಕೊಮ್ಮೆ ಬರುತ್ತಿದ್ದವನು ಈಗ ಪ್ರತಿ ಸಂತೆಯ ದಿನವೂ ಬರತೊಡಗಿದ. ತಟ್ಟಿಯ ಆಚೆಯಿಂದಲೇ ಕೇಳುತ್ತಿದ್ದ: "ಎಲ್ಲಿ ತಂಕ ಬಂತು ಮಾಪ್ಳೆ?"

"ಎಂಜಿನ್ ಮುಗೀತು. ಇನ್ನು ಬಣ್ಣ ಕೆರೀಬೇಕು."

"ಕೆರಿಯಾದ್ ಯಾಕೆ? ಮೇಲೆಯೇ ಒಂದ್ ಕೈ ಕಪ್ಪು ಒಡೆದ್ಬಿಡಿ. ಮೊದಲಿಂದ ಕಪ್ಪೇ ಅದು. ಸುಮ್ನೆ ಮೆನಕ್ಕೆಡಬ್ಯಾಡಿ, ಮೈ ನೋಯಿಸ್ಕೋಬ್ಯಾಡಿ."

ಕೆಲಸ ಬಲ್ಲವನಿಗೆ ತಿಳಿಯದವನು ಬುದ್ಧಿ ಹೇಳುವುದು ಊರಿನ ವಾಡಿಕೆ, ಅದರಲ್ಲೇನೂ ಇಲ್ಲ. ಆದರೆ ವೇಲು ಅದನ್ನೇ ಮೂರು ಸಲ, ಮೂರು ಬೇರೆ ಬೇರೆ ದಿನ ಹೇಳಿದ. ಮೂರನೆಯ ಸಲ ಹೇಳುವಾಗ ಅವನ ಕಣ್ಣು ಕಾರಿನ ಎಡಗಡೆಯ ಮಡ್‌ಗಾರ್ಡಿನ ಮೇಲಿತ್ತು. ಅವನು ಹೋದ ಮೇಲೆ ಜೆಯರಾಜ್ ಕಾಸ್ಟಿಕ್ ಸೋಡಾ ನೀರು ಹಚ್ಚಿ, ತಗಡಿನ ಚೂರು ಹಿಡಿದು, ಎಡಗಡೆಯ ಮಡ್‌ಗಾರ್ಡಿನಿಂದಲೇ ಕೆರೆಯಲು ಶುರುಮಾಡಿದ.

ಕಪ್ಪು ಎದ್ದು ಬಂತು. ಅದರ ಕೆಳಗೆ ತಗಡು ಕಾಣಲಿಲ್ಲ. ಹಸಿರು ಕಂಡಿತು. ಬಾಳೆಯ ಎಳೆ ಸುಳಿಯಂಥ ಹಸಿರು. ಕೆರೆಯುತ್ತ ಮುಂದಕ್ಕೆ ಹೋದಂತೆ ಹಸಿರು ಇದ್ದಕ್ಕಿದ್ದಂತೆ ನಿಂತು, ಅಂಗೈಯಗಲ ಈಯ, ಎಂದರೆ ಸೀಸ, ತುಂಬಿ ಸಮ ಮಾಡಿದ ಜಾಗ ಬಂತು. ಒಳಗಿನಿಂದ ಬೆರಳಾಡಿಸಿದ. ಸುತ್ತಿಗೆಯ ಏಟುಗಳು ಉಬ್ಬು ತಗ್ಗಾಗಿ ಸಿಕ್ಕವು. ಜೋರಾಗಿ ನೆಗ್ಗಿಹೋಗಿದ್ದ ತಗಡನ್ನು ಯಾರೋ ಅವಸರದಲ್ಲಿ ಬಡಿದು ಎತ್ತಿದ್ದರು. ಅದರ ಮೇಲಿದ್ದ ದೀಪವೂ ಬಲಗಡೆಯ ದೀಪದ ಜೊತೆಯದಲ್ಲ, ಬೇರೆ ಯಾವುದೋ ವಂಡಿಯದು.

ಜೆಯರಾಜ್ ಕೈಯಲ್ಲಿದ್ದ ತಗಡಿನ ಚೂರನ್ನು ನೆಲಕ್ಕಿಟ್ಟು ಹಾಗೇ ಕೂತುಬಿಟ್ಟ.

ಊರು ಅವನೆದುರು ಎತ್ತದೆ ಇದ್ದ ಮಾತು ಈ ಹಸಿರಿನದೇ. ಅದಕ್ಕೆ ಒಂಬತ್ತು ವರ್ಷ ಹಿಂದೆ, ಮಾರ್ಗಳಿಯ, ಎಂದರೆ ಧನುರ್ಮಾಸದ, ಚಳಿಯ ಒಂದು ಬೆಳಗಿನ ಜಾವ, ಜೆಯರಾಜ್ ಎತ್ತಿನ ಬಂಡಿಯಲ್ಲಿ ಒಂದು ಎಂಜಿನ್ ಹೇರಿಕೊಂಡು ಕಾಲುವೆಯ ಏರಿಯ ಮೇಲಿನಿಂದ ಕಂಬಂ ರಸ್ತೆಗೆ ಬರುತ್ತಿದ್ದ. ಮಂಜು ಕವಿದಿತ್ತು. ಮುಂದೆ ಎಲ್ಲೋ ಒಂದು ಸಣ್ಣ ಎಂಜಿನ್ನು ಸ್ಟಾರ್ಟ್ ಆಗಿ ದೂರ ಹೋದ ಸದ್ದು ಕೇಳಿಸಿತು. ರಸ್ತೆಗೆ ಬಂದರೆ ಅಂಚಿನಲ್ಲಿ ಮೊಕ್ಕೈಯನ್ ಬಿದ್ದಿದ್ದ. ಕಾಲುವೆಯ ನೀರು ತಿರುಗಿಸುವ ಆಳು, ಜೆಯರಾಜನ ದೊಡ್ಡಮ್ಮನ ಮಗಳು ಪಾಂಡಿಯಮ್ಮಾಳ ಗಂಡ. ಗುದ್ದಲಿ ಒಂದು ಕಡೆ, ಅವನು ಒಂದು ಕಡೆ. ಬಂಡಿಗೆ ಎತ್ತಿ ಹಾಕಿಕೊಂಡಾಗ ಅವನು "ಪಚ್ಚೆ ಕಾರು... ಸಣ್ಣ ಪಚ್ಚೆ ಕಾರು" ಎಂದ. ಆಸ್ಪತ್ರೆ ಮುಟ್ಟುವ ಮೊದಲೇ ಮಾತು ನಿಂತಿತು. ಎರಡು ದಿನಕ್ಕೆ ಜೀವವೂ ಹೋಯಿತು.

ಆ ಮಾತು ಕೇಳಿದ್ದು ಜೆಯರಾಜ್ ಒಬ್ಬನೇ. ಕಣಿವೆಯಲ್ಲಿ ಹಸಿರು ಕಾರನ್ನು ಕಂಡವರು ಯಾರೂ ಸಿಗಲಿಲ್ಲ. ಪೊಲೀಸರು ಬಂದು ಅವನ ಬಂಡಿಯ ಗಾಲಿ ಅಳೆದರು, ಎತ್ತಿನ ಕೊಂಬು ನೋಡಿದರು. ಭಾರ ಹೇರಿದ ಬಂಡಿ, ಕತ್ತಲು, ಮಂಜು, ನಿದ್ದೆಗಣ್ಣು. ಹೆಚ್ಚು ಹೇಳಬೇಕಾದ್ದೇನಿತ್ತು? ಕೇಸು ನಿಲ್ಲಲಿಲ್ಲ, ಆದರೆ ಸಂಶಯ ನಿಂತಿತು. ಟೀ ಅಂಗಡಿಯಲ್ಲಿ ಅವನು ಬಂದಾಗ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಇಲ್ಲದ ವಸ್ತುವಿಗೆ ಗೂಡಲೂರಿನಲ್ಲಿ "ಜೆಯರಾಜನ ಪಚ್ಚೆ ಕಾರು" ಎನ್ನುವ ಮಾತೇ ಹುಟ್ಟಿಕೊಂಡಿತ್ತು. ತನ್ನನ್ನು ಎಲ್ಲರೂ ಹಾಗೆ ನೋಡುತ್ತ ಬಂದದ್ದಕ್ಕೇ ಅವನೂ ಎಲ್ಲರನ್ನೂ ಹಾಗೆ ನೋಡಲು ಕಲಿತಿದ್ದ.

ಈಗ ಅದು ಅವನ ಸ್ವಂತ ಚಪ್ಪರದೊಳಗಿತ್ತು.

ಅವನು ಮಡ್‌ಗಾರ್ಡಿನ ಮೇಲೆ ಗೋಣಿ ಹೊದಿಸಿದ. ಯಾರಿಗೂ ಹೇಳಲಿಲ್ಲ. ಮೊದಲು ತನ್ನ ಮೇಲೆಯೇ ಸಂಶಯಪಟ್ಟ. ಹಸಿರು ಕಾರು ಲೋಕದಲ್ಲಿ ಒಂದೇ ಇದ್ದೀತೇ? ಬೆಟ್ಟದ ಮೇಲೆ ಕಾಡುಕೋಣ ಗುದ್ದಿದರೂ ಮಡ್‌ಗಾರ್ಡು ನೆಗ್ಗುತ್ತದೆ. ಒಂಬತ್ತು ವರ್ಷದ ಅವಮಾನ ತೊಳೆದುಕೊಳ್ಳುವ ಆತುರದಲ್ಲಿ ಕಂಡದ್ದೆಲ್ಲ ಸಾಕ್ಷಿಯಾಗಿ ಕಾಣುತ್ತಿದೆಯೇ? ಮಂಜಿನೊಳಗೆ ಕೇಳಿದ ಸದ್ದು ಇದೇ ಎಂಜಿನ್ನಿನದೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಹೌದು ಅನ್ನಿಸಿದ ಗಳಿಗೆಯಲ್ಲೇ ಅದನ್ನು ನಂಬಬಾರದು ಅನ್ನಿಸಿತು.

ಎಂಜಿನ್ ಸ್ಟಾರ್ಟ್ ಆದ ಮರುದಿನ ಅವನು ವೇಲುವನ್ನು ಬೇಕೆಂದೇ ಕರೆಸಿದ. ಮೈಯೆಲ್ಲ ಹರಕು ಗೋಣಿ ಹೊದ್ದ ಕಾರು ಚಪ್ಪರದ ಹೊರಗೆ ನಿಂತಿತ್ತು. ಹ್ಯಾಂಡಲ್ ತಿರುಗಿಸಿದ. ಎರಡು ಸಲ ಸೀನಿ, ಹೊಗೆ ಕಾರಿ, ಎಂಜಿನ್ ಹಿಡಿದುಕೊಂಡಿತು.

"ಬಾವ, ಒಂದ್ ಕೈ ಸಾಯ ಮಾಡಿ. ನಾನ್ ಇಲ್ಲಿಂದ ಗೇರ್ ನೋಡ್ತೀನಿ. ನೀವು ಒಳಗೆ ಕೂತು ಕ್ಲಚ್ಚು ಅದುಮಿ, ನಾನ್ ಏಳ್ದಾಗ ಬಿಡಿ."

"ಅಯ್ಯೋ, ನನಗೆ ಎಂಗೆ ಗೊತ್ತು? ನಾನ್ ಸ್ಟೇರಿಂಗ್ ಮುಟ್ಟಿದೋನೇ ಅಲ್ಲ."

"ಎಡಗಡೆ ಇರಾದು ಕ್ಲಚ್ಚು. ಬಿಟ್ರೆ ಆಯ್ತು, ಅಷ್ಟೇ."

ಆ ಪುಟ್ಟ ಕಾರಿನ ಕ್ಲಚ್ಚು ಎಂಥದೆಂದು ಜೆಯರಾಜನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅದು ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಇರುವುದು ಹೆಬ್ಬೆರಳಿನ ದಪ್ಪದಷ್ಟು ಜಾಗ. ಹಿಂದಿನ ದಿನ ಅವನೇ ಕೂತು ನೋಡಿದಾಗ ಕಾರು ಕರುವಿನಂತೆ ನೆಗೆದು ಎಂಜಿನ್ ಸತ್ತಿತ್ತು, ಅದೂ ಮೂರು ಸಲ. ವೇಲು ಒಳಗೆ ಕೂತ. ಜೆಯರಾಜ್ "ಬಿಡಿ" ಎಂದ. ವೇಲು ಹಿಮ್ಮಡಿಯನ್ನು ನೆಲಕ್ಕೂರಿ, ಬೆರಳ ತುದಿಯಿಂದ, ಮಗುವಿನ ಕೈ ಬಿಡಿಸಿಕೊಳ್ಳುವಂತೆ ಪೆಡಲನ್ನು ಬಿಟ್ಟ. ಕಾರು ಒಂದು ಚೂರೂ ಕುಲುಕದೆ ಮುಂದಕ್ಕೆ ಹೋಯಿತು. ಬಾಗಿಲ ಮುಂದಿನ ಕಲ್ಲು ಬರುವ ಮೊದಲೇ ಅವನ ಕಾಲು ತಾನಾಗಿ ಬ್ರೇಕಿಗೆ ಹೋಗಿತ್ತು.

"ಚೆಂದಾಗಿ ಬಿಟ್ರಿ ಬಾವ," ಎಂದ ಜೆಯರಾಜ್.

"ಏನೋ, ದೇವರ ಪುಣ್ಯ," ಎಂದು ವೇಲು ನಗುತ್ತ ಇಳಿದ. ಆ ನಗು ಬಾಯಿಯಲ್ಲೇ ಇತ್ತು, ಕಣ್ಣಿಗೆ ಏರಲಿಲ್ಲ. ಅಂದು ಅವನು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ.

ಅಲ್ಲಿಂದ ಮನೆಯೊಳಗೆ ಒಂದು ಬಗೆಯ ಹುಳಿ ಸೇರಿಕೊಂಡಿತು. ವೇಲು ಕಳಿಸಿದ ಏಲಕ್ಕಿ ಡಬ್ಬಿಯನ್ನು ಜೆಯರಾಜ್ ಮುಟ್ಟಲಿಲ್ಲ. ಓಣಂ ಸಮಯಕ್ಕೆ ಮೇಲಿನ ಊರಿಗೆ ಬನ್ನಿ ಎಂದು ಕರೆ ಬಂದರೂ ಹೋಗಲಿಲ್ಲ. ವೆಳ್ಳೈಯಮ್ಮಾಳ್ ನೋಡುವಷ್ಟು ದಿನ ನೋಡಿ ಒಂದು ಮಧ್ಯಾಹ್ನ ತಟ್ಟಿ ತಳ್ಳಿಕೊಂಡು ಚಪ್ಪರದೊಳಕ್ಕೇ ಬಂದಳು.

"ನಮ್ಮಣ್ಣ ನಿಮಗೆ ಏನ್ ಮಾಡ್ದ? ಊರೋರನ್ನೆಲ್ಲ ಸಂದೇಗ ಪಟ್ಟಿದ್ದು ಸಾಲ್ದಾ, ಮನೆಯೋರೂ ಬೇಕಾ?"

ಜೆಯರಾಜ್ ಗೋಣಿ ಎಳೆದ. ಅವಳು ಹಸಿರನ್ನು ನೋಡಿದಳು. ಈಯ ತುಂಬಿದ ಜಾಗವನ್ನು ಅವನು ಬೆರಳಿಟ್ಟು ತೋರಿಸಿದ. ಕ್ಲಚ್ಚಿನ ಸಂಗತಿಯನ್ನೂ ಹೇಳಿದ. ಅವಳು ಗೋಣಿಯನ್ನು ಎಳೆದು ಮತ್ತೆ ಮುಚ್ಚಿದಳು.

"ಪಚ್ಚೆ ಬಣ್ಣ ಒಂದೇ ವಂಡಿಗಾ ಒಡೆದಿರಾದು? ನಿಮ್ ಮೇಲಿನ ಪಳಿ ಅಪವಾದ ತೊಳ್ಕೊಳ್ಳಾಕೆ ನಮ್ಮಣ್ಣನ್ ತಲೆ ಬೇಕಾ ನಿಮಗೆ?"

ಅವನು ತನಗೆ ತಾನೇ ಕೇಳಿಕೊಂಡಿದ್ದ ಪ್ರಶ್ನೆಯೇ ಹೆಂಡತಿಯ ಬಾಯಲ್ಲಿ ಬಂದಿತ್ತು. ಅವಳು ಹೋದಳು. ಒಂದು ವಾರ ಅವರಿಬ್ಬರ ನಡುವೆ ಅನ್ನ ಸಾರಿನ ಮಾತು ಬಿಟ್ಟು ಬೇರೆ ಇರಲಿಲ್ಲ. ಆದರೆ ಸಂಶಯ ಎಂಬುದು ಸೊಳ್ಳೆಯಂತೆ, ಒಬ್ಬರ ಕಿವಿ ಬಿಟ್ಟರೆ ಇನ್ನೊಬ್ಬರ ಕಿವಿ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದ ವೆಳ್ಳೈಯಮ್ಮಾಳ್ ಒಂದು ದಿನ ತಲೆ ಎತ್ತದೆಯೇ ಹೇಳಿದಳು:

"ಮೊಕ್ಕೈಯಣ್ಣನ್ ಸಾವಿಗೆ ಅಣ್ಣ ಬರಲಿಲ್ಲ."

ಜೆಯರಾಜ್ ಅವಳ ಎದುರು ಬಂದು ಕೂತ.

"ಯಾರ್ ಮನೆ ಸಾವಿಗೂ ತಪ್ಪಿಸ್ಕೊಂಡೋನಲ್ಲ. ಅವರ್ ಮನೇಲಿ ಎಷ್ಟು ಸಲ ಉಂಡಿದ್ದ. ಕಾಚ್ಚಲ್, ಜ್ವರ ಅಂತ ಏಳಿ ಕಳಿಸ್ದ. ನಾನ್ ನಂಬ್ಕೊಂಡೆ." ಮೊರ ಒದರಿ ಎದ್ದು ಒಳಗೆ ಹೋದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ದೀಪಾವಳಿಯ ಸುಮಾರಿನ ಐಪ್ಪಸಿ ಮಳೆ ಮುಗಿಯುವ ಹೊತ್ತಿಗೆ ಜೆಯರಾಜ್ ಇನ್ನೂ ಹೊಗೆ ಕಾರುತ್ತಿದ್ದ ಎಂಜಿನ್ನಿಗೆ ಹೊಸ ಪಿಸ್ಟನ್ ರಿಂಗು ಮತ್ತು ಬಣ್ಣ ತರಲು ದಿಂಡಿಗಲ್ಲಿಗೆ ಹೋದ. ರಿಂಗುಗಳನ್ನು ಲೇಥ್ ಅಂಗಡಿಯವನು ಬೇಗ ಕೊಟ್ಟ. ಬಣ್ಣದಂಗಡಿಯಲ್ಲಿ ಯಾವ ಬಣ್ಣ ಎಂದು ಕೇಳಿದರು. "ಕಪ್ಪು," ಎಂದ. ಡಬ್ಬಿ ಕಟ್ಟಿಸಿಕೊಂಡು ಸ್ಟೇಷನ್ ರಸ್ತೆಯವರೆಗೆ ನಡೆದ. ಚರ್ಮದ ಹದದ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಕಪ್ಪು ಹೊಡೆದರೆ ಮುಗಿಯಿತು. ಹೆಂಡತಿಯ ತವರು ಉಳಿಯುತ್ತದೆ, ತನ್ನ ಹೆಸರು ಹೇಗಿದೆಯೋ ಹಾಗೇ ಇರುತ್ತದೆ, ಒಂಬತ್ತು ವರ್ಷ ಬದುಕಿಲ್ಲವೇ. ಆದರೆ ಮುಚ್ಚಿದವನ ಜೊತೆಗೆ ತಾನೂ ಮುಚ್ಚಿದ ಹಾಗಾಗುತ್ತದೆ. ಆಗ ಊರು ತನ್ನ ಬಗ್ಗೆ ಪಟ್ಟ ಸಂಶಯ ನಿಜವೇ ಆಗಿಬಿಡುತ್ತದೆ. ಅವನು ತಿರುಗಿ ಅಂಗಡಿಗೆ ಹೋಗಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ, ಕೆರೆದಾಗ ಎದ್ದಿದ್ದ ಹಸಿರು ಸಿಪ್ಪೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಇದೇ ಬಣ್ಣ ಬೇಕು," ಎಂದ.

ಪೂರ್ತಿ ಕೆರೆದು, ಈಯವನ್ನೂ ಕರಗಿಸಿ ತೆಗೆದು, ತಗಡನ್ನು ಮತ್ತೆ ಸರಿಯಾಗಿ ಬಡಿದು, ಪದರದ ಮೇಲೆ ಪದರ ಹಸಿರು ಹಚ್ಚಿ ನೀರು ಹಾಕಿ ಮರಳುಕಾಗದದಲ್ಲಿ ಉಜ್ಜಿದ. ಮಾರ್ಗಳಿಯ ಹೊತ್ತಿಗೆ ಕಾರು ಹೊಳೆಯಿತು. ಅವನು ತಟ್ಟಿ ಬಿಚ್ಚಿ ಹಾಕಿದ. ಬೀದಿಯ ಜನ ಬಂದು ನಿಂತರು. ಪೆರಿಯಣ್ಣನ್ ಈ ಸಲ ಅಕ್ಕಿಯ ಮಾತಾಡಲಿಲ್ಲ. ಹಸಿರನ್ನು ನೋಡಿದ, ಜೆಯರಾಜನನ್ನು ನೋಡಿದ, ಮೇಲುಹೊದಿಕೆ ಸರಿಮಾಡಿಕೊಂಡು ಹೊರಟುಹೋದ.

ಸಂತೆಯ ದಿನ ವೇಲು ಬಂದ. ಬೀದಿಯ ತಿರುವಿನಲ್ಲಿ ಕಾರು ಕಣ್ಣಿಗೆ ಬಿದ್ದಾಗ ಅಲ್ಲೇ ನಿಂತ. ಆಮೇಲೆ ನಿಧಾನವಾಗಿ ನಡೆದು ಬಂದು ಜಗಲಿಯ ಮೇಲೆ ಕೂತ. ವೆಳ್ಳೈಯಮ್ಮಾಳ್ ನೀರು ತಂದು ಕೊಡಲಿಲ್ಲ. ಬಾಗಿಲವಾಡಕ್ಕೆ ಒರಗಿ ಅಣ್ಣನನ್ನೇ ನೋಡುತ್ತ ನಿಂತಳು.

"ಅಣ್ಣ, ನೀನಾ?" ಎಂದಳು.

ವೇಲು ಸುತ್ತಿಬಳಸಲಿಲ್ಲ. ದೊರೆಯೇ ತನಗೆ ಕಾರು ಬಿಡುವುದನ್ನು ಕಲಿಸಿದ್ದು, ದೊರೆಯನ್ನು ದಿಂಡಿಗಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಒಬ್ಬನೇ ಹಿಂದಿರುಗುತ್ತಿದ್ದದ್ದು, ಮಂಜಿನಲ್ಲಿ ಎದುರಿಗೆ ಏನೋ ಬಂದು ಬಡಿದದ್ದು, ಎಲ್ಲ ಹೇಳಿದ. ನಿಲ್ಲಿಸಿದನಂತೆ. ಅಷ್ಟರಲ್ಲಿ ಏರಿಯ ಮೇಲೆ ಬಂಡಿಯ ಲಾಂದ್ರ ಕಾಣಿಸಿತಂತೆ. "ಯಾರೋ ಬತ್ತಾ ಇವ್ರೆ, ಎತ್ಕೊಳ್ತಾರೆ ಅಂತ ಓಟ ಕಿತ್ತೆ. ಅದು ನೀವು ಅಂತ ಆಮೇಲೆ ಗೊತ್ತಾಯ್ತು ಮಾಪ್ಳೆ. ಎಸ್ಟೇಟಲ್ಲಿ ನಾನೇ ಬಡಿದು, ನಾನೇ ಕಪ್ಪು ಬಳಿದೆ. ಕಾಡುಕೋಣ ಗುದ್ದಿತು ಅಂತ ದೊರೆಗೆ ಏಳ್ದೆ."

"ಬಿದ್ದಿರಾದು ಯಾರು ಅಂತ ಗೊತ್ತಾಗಲಿಲ್ವಾ?" ಜೆಯರಾಜ್ ಕೇಳಿದ.

"ಮಂಜು ಮಾಪ್ಳೆ. ಏನೂ ಕಾಣ್ಲಿಲ್ಲ."

"ಮತ್ತೆ ಇದನ್ನ ನನಗ್ಯಾಕೆ ತಂದ್ ಕೊಟ್ರಿ? ಬೆಟ್ಟದಿಂದ ಕೆಳಕ್ಕೆ ತಳ್ಬಿಟ್ಟಿದ್ರೆ ಆಗ್ತಿತ್ತು."

ವೇಲು ತನ್ನ ಅಂಗೈ ನೋಡಿಕೊಂಡ. "ತಳ್ಳಾಕೆ ಓದೆ. ಆಗ್ಲಿಲ್ಲ. ಬೇರೆ ಯಾರಿಗೆ ಕೊಟ್ರೂ ಮೇಲೆ ಬಳಿದು ಓಡಿಸ್ಕೊಂಡು ಓಗ್ತಾರೆ. ಅಡಿ ತಂಕ ಕೆರಿಯಾ ಆಳು ನೀವೊಬ್ರೇ. ಕೊಟ್ಟ ಮೇಲೆ ಬಯ ಬಂತು. ಅದಕ್ಕೇ ಕೆರೀಬ್ಯಾಡಿ ಅಂದೆ."

ಜೆಯರಾಜನಿಗೆ ಆ ಮಾತನ್ನು ಪೂರ್ತಿ ನಂಬಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. "ನನಗೆ ಏಳಿ ಏನಾಗ್ಬೇಕು? ಪಾಂಡಿಯಕ್ಕನಿಗೆ ಏಳಿ, ನಡೀರಿ," ಎಂದು ಎದ್ದ.

ಎರಡು ಬೀದಿ ಆಚೆ ಪಾಂಡಿಯಮ್ಮಾಳ್ ತನ್ನ ಮನೆಬಾಗಿಲಲ್ಲಿ ಪಡ್ಡಿನಂಥ ಪಣಿಯಾರ ಸುಟ್ಟು ಮಾರುತ್ತಿದ್ದಳು. ಗಂಡ ಹೋದ ಮೇಲೆ ಅವಳು ಹಿಡಿದ ದಾರಿ ಅದು. ವೇಲು ಹೇಳುತ್ತಿದ್ದಷ್ಟು ಹೊತ್ತೂ ಅವಳು ಕಾವಲಿಯ ಗುಳಿಗಳಲ್ಲಿದ್ದದ್ದನ್ನು ಕಡ್ಡಿಯಿಂದ ತಿರುಗಿಸುತ್ತಲೇ ಇದ್ದಳು. ಒಂದೂ ಸೀಯಗೊಡಲಿಲ್ಲ. ಕೊನೆಗೆ ಒಲೆಯ ಸೌದೆ ಎಳೆದಳು. ನೋಡಿದ್ದು ವೇಲುವನ್ನಲ್ಲ, ಜೆಯರಾಜನನ್ನು.

"ತಂಬಿ, ಇಷ್ಟು ವರ್ಷ ನಾನ್ ನಿನ್ನೇ ಅಂದ್ಕೊಂಡಿದ್ದೆ. ನಿನ್ ಬಂಡೀನೇ ಅವರ್ ಮೇಲೆ ಅತ್ತಿತು, ಪಚ್ಚೆ ಕಾರು ಅಂತ ಕಟ್ಟುಕತೆ ಏಳ್ತಾನೆ ಅಂತ. ನೀನ್ ಹಬ್ಬಕ್ಕೆ ಕೊಟ್ಟ ಸೀರೆ ಒಂದೂ ಉಡಲಿಲ್ಲ ನಾನು."

"ಗೊತ್ತಿತ್ತಕ್ಕ," ಎಂದ ಜೆಯರಾಜ್.

ಆಗ ಅವಳು ವೇಲುವಿನ ಕಡೆ ತಿರುಗಿದಳು. "ಮಂಜಲ್ಲಿ ಕಾಣ್ಲಿಲ್ಲ ಅಂತೀಯ. ನಾಳೆ ಒತ್ತಾರೆ ಮಂಜಿರ್ತದೆ. ಆ ವಂಡೀಲಿ ಆ ಜಾಗಕ್ಕೆ ನನ್ನ ಕರ್ಕೊಂಡೋಗಿ. ಕಾಣ್ತದಾ ಇಲ್ವಾ, ನಾನೇ ನೋಡ್ತೀನಿ."

ಮರುದಿನ ಬೆಳಗಿನ ಜಾವ ಜೆಯರಾಜ್ ಕಾರು ತೆಗೆದ. ಪಾಂಡಿಯಮ್ಮಾಳ್ ಮುಂದೆ, ವೇಲು ಹಿಂದೆ ಮಂಡಿ ಮಡಿಚಿಕೊಂಡು ಕೂತ. ಎಂಟು ತಿಂಗಳು ದುಡಿದು ಎಬ್ಬಿಸಿದ ಕಾರು ಮೊದಲ ಸಲ ರಸ್ತೆಗೆ ಬಂದದ್ದು ಹೀಗೆ. ಎಂಜಿನ್ ಜೇನಿನಂತೆ ಗುಂಯ್‌ಗುಡುತ್ತಿತ್ತು, ಅದನ್ನು ಕೇಳಿ ಸಂತೋಷಪಡುವವರು ಒಳಗೆ ಯಾರೂ ಇರಲಿಲ್ಲ. ಕಂಬಂ ಕಡೆಗೆ ಹೋಗಿ, ತಿರುಗಿಸಿಕೊಂಡು, ಗೂಡಲೂರಿನ ಮುಖವಾಗಿ ಬಂದರು. ಕಾಲುವೆ ಏರಿಯ ಜಾಡು ರಸ್ತೆಗೆ ಸೇರುವಲ್ಲಿ ಜೆಯರಾಜ್ ನಿಲ್ಲಿಸಿದ. ಮಂಜು ಬತ್ತದ ಗದ್ದೆಗಳ ಮೇಲಿಂದ ಹಾಲಿನಂತೆ ಹರಿದು ಬರುತ್ತಿತ್ತು.

"ಇಳಿ. ಅವರು ಬಿದ್ದಿದ್ದ ಜಾಗದಲ್ಲಿ ಓಗಿ ಕೂತ್ಕೋ," ಎಂದಳು ಪಾಂಡಿಯಮ್ಮಾಳ್ ಜೆಯರಾಜನಿಗೆ.

ಅವನು ಇಳಿದು ರಸ್ತೆಯ ಅಂಚಿಗೆ ಹೋಗಿ, ಒದ್ದೆ ಹುಲ್ಲಿನ ಮೇಲೆ ಕೂತ. ಅವಳು ಸರಿದು ಸ್ಟೇರಿಂಗಿನ ಹಿಂದೆ ಕೂತಳು. ಕಾರಿನ ಎರಡು ದೀಪಗಳು ಅವನ ಕಣ್ಣಿಗೆ ಹೊಡೆಯುತ್ತಿದ್ದವು. ಅವುಗಳ ಹಿಂದೆ ಅವಳ ಮುಖ ಅವನಿಗೆ ಕಾಣಲಿಲ್ಲ. ತಾನು ಕೂತ ಜಾಗದಲ್ಲಿ ಮೊಕ್ಕೈಯನ್ ಏನು ಕಂಡಿರಬಹುದೆಂಬುದು ಮಾತ್ರ ಗೊತ್ತಾಯಿತು.  ಸಾಕಷ್ಟು ಹೊತ್ತಾದ ಮೇಲೆ ಕಾರಿನ ಬಾಗಿಲು ತೆರೆದ ಸದ್ದಾಯಿತು. ಅವಳು ಇಳಿದು, ಹಿಂದಿನ ಸೀಟಿನ ಕಡೆಗೆ ಬಾಗಿ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಓಡುವಾಗ ಕಾಣ್ದೇ ಇರಬೈದು. ನಿಂತ ಮೇಲೆ ಕಾಣ್ತದೆ. ತಂಬಿ ಮೂಗಿನ ಮೇಲಿನ ಇಬ್ಬನಿ ತಂಕ ಕಾಣ್ತದೆ. ಈಗ ನಿಜ ಏಳು. ಯಾರು ಅಂತ ಗೊತ್ತಾಗಿತ್ತಾ?"

ವೇಲು ಕಾರಿನಿಂದ ಹೊರಗೆ ಬಂದು ಬಾನೆಟ್ಟಿಗೆ ಕೈ ಊರಿ ನಿಂತ.

"ಗೊತ್ತಾಗಿತ್ತು."

"ಅವರು ನಿನ್ನ ನೋಡಿದ್ರಾ?"

"ನೋಡಿದ್ರು. ಎಸ್ರು ಇಡ್ದು ಕರೆದ್ರು."

ಪಾಂಡಿಯಮ್ಮಾಳ್ ಅಳಲಿಲ್ಲ, ಶಾಪ ಹಾಕಲಿಲ್ಲ. ಜೆಯರಾಜನಿಗೆ ಮಾತ್ರ ಆಗ ಒಂದು ಸಂಗತಿ ಹೊಳೆಯಿತು. ಮೊಕ್ಕೈಯನಿಗೆ ಗುದ್ದಿದವನ ಹೆಸರು ಗೊತ್ತಿತ್ತು. ಆದರೂ ಬಂಡಿಯಲ್ಲಿ ಅವನು ಹೆಸರು ಹೇಳಲಿಲ್ಲ, ಬಣ್ಣ ಮಾತ್ರ ಹೇಳಿದ. ಹೇಳುವಷ್ಟು ಉಸಿರು ಉಳಿದಿರಲಿಲ್ಲವೋ, ಜೆಯರಾಜನ ಹೆಂಡತಿಯ ಅಣ್ಣನೆಂದು ಜೆಯರಾಜನೆದುರು ನಾಲಿಗೆ ಹಿಡಿದನೋ, ಅದನ್ನು ಹೇಳುವವನು ಈಗ ಇಲ್ಲ.

"ಪೊಲೀಸ್ ಸ್ಟೇಷನ್ನಿಗೆ ನಡ್ಕೊಂಡೇ ಓಗು," ಎಂದಳು ಪಾಂಡಿಯಮ್ಮಾಳ್ ವೇಲುವಿಗೆ. "ನಡ್ಕೊಂಡು ಓಗಾದನ್ನ ಎಲ್ಲಾರೂ ನೋಡಲಿ."

ಅವನು ನಡೆದ. ಇವರಿಬ್ಬರೂ ಕಾರಿನಲ್ಲಿ ಅವನ ಹಿಂದೆ, ಎತ್ತಿನ ಬಂಡಿಯ ವೇಗದಲ್ಲಿ ಬಂದರು. ಗೂಡಲೂರು ಏಳುವ ಹೊತ್ತು. ಟೀ ಅಂಗಡಿಯ ಮುಂದಿನ ಜನ ಮೊದಲು ಹಸಿರು ಕಾರನ್ನು ನೋಡಿದರು, ಆಮೇಲೆ ಅದರ ಮುಂದೆ ನಡೆಯುತ್ತಿದ್ದ ಏಲಕ್ಕಿ ವ್ಯಾಪಾರಿಯನ್ನು, ಆಮೇಲೆ ಕಾರಿನೊಳಗೆ ಕೂತಿದ್ದ ಪಾಂಡಿಯಮ್ಮಾಳನ್ನು. 

ಕೋರ್ಟು ವೇಲುವಿಗೆ ಒಂದು ವರ್ಷದ ಸಜೆ ಕೊಟ್ಟಿತು. ಕಾರು ಸಾಕ್ಷಿಯಾಗಿ ಅಲ್ಲಿಯವರೆಗೆ ಪೊಲೀಸ್ ಸ್ಟೇಷನ್ನಿನ ಹೊರಗೆ ಬಿಸಿಲು ಮಳೆಯಲ್ಲಿ ನಿಂತು, ಕೇಸು ಮುಗಿದ ಮೇಲೆ ಜೆಯರಾಜನ ಕೈಗೆ ಬಂತು. ಪೆರಿಯಣ್ಣನ್ ಮನೆಗೆ ಬಂದು ತಪ್ಪಾಯಿತು ಎಂದ. ಟೀ ಅಂಗಡಿಯಲ್ಲಿ ಜೆಯರಾಜನಿಗೆ ಬೆಂಚಿನ ಮೇಲೆ ಜಾಗ ಬಿಡತೊಡಗಿದ್ದರು. ಅವನಿಗೆ ಅದೂ ಹಿಡಿಸಲಿಲ್ಲ. ಇಷ್ಟು ಮರ್ಯಾದೆ ಕೊಡುವವರ ಮನಸ್ಸಿನಲ್ಲಿ ಏನಿದೆಯೋ ಎಂದು ನಿಂತೇ ಟೀ ಕುಡಿದು ಬರುತ್ತಿದ್ದ.

ಸಜೆ ಮುಗಿಸಿ ಬಂದ ವೇಲು ತಂಗಿಯ ಮನೆಗೆ ಬಂದಾಗ ವೆಳ್ಳೈಯಮ್ಮಾಳ್ ಇಬ್ಬರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿ ಬಡಿಸಿದಳು. ಅಣ್ಣನ ಮೇಲೂ ಗಂಡನ ಮೇಲೂ ಅವಳಿಗೆ ಸಿಟ್ಟಿತ್ತು. ಯಾರ ಮೇಲೆ ಎಷ್ಟು ಎಂದು ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದ್ದು ಒಂದೇ ಮಾತು: "ನೀವ್ ಮಾಡಿದ್ದು ತಪ್ಪು ಅಂತ ನಾನ್ ಏಳಾಕಿಲ್ಲ. ಆ ವಂಡೀಲಿ ಮಾತ್ರ ಕೂರಾಕಿಲ್ಲ."

ಜೆಯರಾಜ್ ಆ ಕಾರಿನಲ್ಲಿ ಸಾಮಾನು ಹೇರಿಕೊಂಡು ಬಾವಿಯಿಂದ ಬಾವಿಗೆ ಅನೇಕ ವರ್ಷ ಓಡಾಡಿದ. ಪಾಂಡಿಯಮ್ಮಾಳನ್ನು ಎಷ್ಟೋ ಸಲ ಕಂಬಂ ಸಂತೆಗೆ ಕರೆದೊಯ್ದ. ವೆಳ್ಳೈಯಮ್ಮಾಳ್ ಮಾತ್ರ ಮಾತಿಗೆ ತಪ್ಪಲಿಲ್ಲ. ಕಣ್ಣಿನ ಪೊರೆ ತೆಗೆಸಲು ತೇನಿಗೆ ಹೋಗಬೇಕಾಗಿ ಬಂದಾಗಲೂ ಸೆರಗು ಹೊದ್ದು ಬಸ್ ನಿಲ್ದಾಣದಲ್ಲಿ ಕಾದು ನಿಂತಳು. ಬಸ್ಸು ಹೊರಟಿತು. ಅವಳು ಕಿಟಕಿಯ ಪಕ್ಕ ಕೂತು ಹಿಂದಕ್ಕೆ ನೋಡಿದರೆ, ಧೂಳಿನೊಳಗೆ ಆ ಪುಟ್ಟ ಹಸಿರು ಕಾರು ಹಾರ್ನ್ ಹೊಡೆಯದೆ, ಮುಂದಕ್ಕೂ ಹೋಗದೆ, ಬಸ್ಸಿನ ಬೆನ್ನಿಗೇ ಬರುತ್ತಿತ್ತು.